ಉಪ್ಪಿಲ್ಲದ ಸಾಂಬಾರಿಗೆ ಸರ್ವಾನುಮತ

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ನವಮಂಗಳ ಉಪಾಹಾರ ಗೃಹದಲ್ಲಿ, ಹಿರಿಯ ಮಾಲೀಕರಾದ ಚೆನ್ನಯ ಸಾಲ್ಯಾನರು ಸಾಂಬಾರಿನ ರುಚಿ ನೋಡಿ "ಆಯ್ತು" ಅಂದ ಮೇಲೆ ಆ ಸಾಂಬಾರಿಗೆ ಯಾರೂ ಏನನ್ನೂ ಸೇರಿಸುವಂತಿಲ್ಲ. ಇದು ಹೋಟೆಲು ಶುರುವಾದಂದಿನಿಂದ ಇರುವ ನಿಯಮ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟ ನಿಯಮಗಳನ್ನು ಗೋಡೆಗೆ ಅಂಟಿಸಿ ಮರೆಯುವುದು ಹೋಟೆಲಿನ ಪದ್ಧತಿಯಾದ್ದರಿಂದ, ಬರೆಯದೇ ಇದ್ದದ್ದು ಒಳ್ಳೆಯದೇ ಆಯಿತು.

ರುಚಿ ನೋಡುವ ಕ್ರಮ ಹೀಗಿತ್ತು. ಬೆಳಿಗ್ಗೆ ಶಟರ್ ಎತ್ತುವ ಮೊದಲು ಚೆನ್ನಯರು ಅಡುಗೆಮನೆಗೆ ಬಂದು ದೊಡ್ಡ ಪಾತ್ರೆಯ ಮುಂದೆ ಅಂಗೈ ಚಾಚಿ ನಿಲ್ಲುತ್ತಿದ್ದರು. ಅಡುಗೆಯ ಈಶ್ವರ ಸೌಟಿನಿಂದ ಒಂದು ತೊಟ್ಟು ಬಿಡುತ್ತಿದ್ದ. ಅವರು ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು" ಅನ್ನುತ್ತಿದ್ದರು. ಈಶ್ವರ ಉಪ್ಪು ಹಾಕಿ ಕದಡಿ ಮತ್ತೊಂದು ತೊಟ್ಟು ಬಿಡುತ್ತಿದ್ದ. ಅವರು "ಆಯ್ತು" ಅನ್ನುತ್ತಿದ್ದರು. ಆಮೇಲೆ ಶಟರ್ ಏಳುತ್ತಿತ್ತು.

ಇದರಲ್ಲಿ ಒಂದು ಸೂಕ್ಷ್ಮವಿತ್ತು. ಈಶ್ವರ ಮೊದಲ ಸಲ ಉಪ್ಪನ್ನು ಹಾಕುತ್ತಲೇ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಒಮ್ಮೆ ಎಲ್ಲವನ್ನೂ ಸರಿಯಾಗಿ ಹಾಕಿಟ್ಟಿದ್ದ. ಅಂದು ಹೇಳುವುದಕ್ಕೆ ಏನೂ ಸಿಗದೆ ಚೆನ್ನಯರು ಇಡೀ ದಿನ ಬಿಲ್ಲಿನ ಹಣ ತೆಗೆದುಕೊಳ್ಳುವ ಗಲ್ಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಹಿರಿಯರ ಬಾಯಿಗೆ ಒಂದು ಮಾತು ಉಳಿಸಿಡಬೇಕು ಎಂದು ಈಶ್ವರ ಆವತ್ತೇ ಕಲಿತುಕೊಂಡ. ಉಪ್ಪು ಯಾಕೆ ಇರುವುದಿಲ್ಲ ಎಂಬುದು ಚೆನ್ನಯರಿಗೂ ಗೊತ್ತಿತ್ತು. ಇಬ್ಬರೂ ಈ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ.

ಎಲ್ಲ ಬದಲಾದದ್ದು ಒಂದು ಮಂಗಳವಾರ. ಆ ದಿನದಲ್ಲಿ ವಿಶೇಷವೇನೂ ಇರಲಿಲ್ಲ. ಲೋಕಲ್ ರೈಲುಗಳು ಎಂದಿನಂತೆ ತಡವಾಗಿದ್ದವು. ಹಾಲಿನವನು ಎಂದಿನಂತೆ ಜಗಳವಾಡಿ ಹೋಗಿದ್ದ. ಚೆನ್ನಯರು ಅಂಗೈ ಚಾಚಿದರು, ನೆಕ್ಕಿದರು, "ಆಯ್ತು" ಅಂದರು.

ಈಶ್ವರ ಉಪ್ಪಿನ ಡಬ್ಬಿಗೆ ಕೈ ಹಾಕಿ ನಿಂತಿದ್ದ. "ದಣಿ?" ಅಂದ.

"ಆಯ್ತು ಮಾರಾಯ."

ಚೆನ್ನಯರು ಹೋಗಿ ಗಲ್ಲೆಯಲ್ಲಿ ಕೂತರು. ಈಶ್ವರ ಮುಷ್ಟಿಯಲ್ಲಿದ್ದ ಉಪ್ಪನ್ನು ಡಬ್ಬಿಗೆ ವಾಪಸು ಸುರಿದ.

ಮೊದಲ ಗಿರಾಕಿ ಉಪ್ಪಿಲ್ಲ ಅಂದಾಗ ವೇಟರನು, ದೊಡ್ಡ ದಣಿಗಳು ಒಪ್ಪಿದ್ದಾರೆ ಎಂದು ತಿಳಿಸಿದ. ಹತ್ತು ಗಂಟೆಗೆ ಮಗ ಧನರಾಜ್ ಬಂದ. ವ್ಯವಹಾರವನ್ನೆಲ್ಲ ನೋಡಿಕೊಳ್ಳುವವನು ಅವನೇ. ಸಾಂಬಾರಿನಲ್ಲಿ ಇಡ್ಲಿ ಅದ್ದಿ ಬಾಯಿಗಿಟ್ಟವನು ಹಾಗೇ ಎದ್ದು ಅಡುಗೆಮನೆಗೆ ಹೋದ.

"ಎಂತ ಈಶ್ವರ ಇದು? ಉಪ್ಪು ಹಾಕು."

"ನೀವೇ ಹಾಕಿ ಸಣ್ಣ ದಣಿ. ನನ್ನಿಂದ ಆಗುವುದಿಲ್ಲ. ಅವರು ಆಯ್ತು ಅಂದಾಗಿದೆ."

ಧನರಾಜ್ ಡಬ್ಬಿ ಎತ್ತಿಕೊಂಡ. ಅಡುಗೆಮನೆಯ ಕಿಟಕಿಯಿಂದ ಗಲ್ಲೆ ಕಾಣುತ್ತಿತ್ತು. ಗಲ್ಲೆಯಲ್ಲಿ ಅಪ್ಪನ ಬೆನ್ನು ಕಾಣುತ್ತಿತ್ತು. ಅವನು ಡಬ್ಬಿಯನ್ನು ಇದ್ದಲ್ಲೇ ಇಟ್ಟ. "ನಾಳೆ ಸರಿಹೋಗ್ತದೆ ಬಿಡು" ಅಂದ. ಮರುದಿನವೂ ಚೆನ್ನಯರು "ಆಯ್ತು" ಅಂದರು.

ವಡಾಲದ ಮನೆಯಲ್ಲಿ ಸೊಸೆ ವಿನೋದಿನಿ ಈ "ಆಯ್ತು" ಎಂಬ ಮಾತನ್ನು ಅದಕ್ಕೂ ಮೊದಲಿನಿಂದ ಕೇಳುತ್ತಿದ್ದಳು. ಅತ್ತೆ ಗುಲಾಬಿ ತೀರಿಕೊಂಡದ್ದು ಹಿಂದಿನ ಮಳೆಗಾಲದಲ್ಲಿ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನವೇ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಟೆಲಿಗೆ ಹೊರಟಿದ್ದರು. "ಎಂಥಾ ಧೈರ್ಯ!" ಎಂದು ನೆಂಟರೆಲ್ಲ ಹೊಗಳಿದ್ದರು. ಆಮೇಲೆ ಒಂದೊಂದಾಗಿ ಮಾವನ ತಕರಾರುಗಳು ನಿಂತವು. ಬಂಗುಡೆ ಮೀನು ಹಳತು ಅನ್ನುವುದು ನಿಂತಿತು. ಟಿವಿಯಲ್ಲಿ ವಾರ್ತೆ ಓದುವವಳ ಜೊತೆ ಜಗಳ ನಿಂತಿತು. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚದ ಮೂರನೇ ಮಹಡಿಯವರಿಗೆ ಬೈಯುವುದು ನಿಂತಿತು. ಊಟಕ್ಕೆ ಕರೆದರೆ ಆಯ್ತು. ಊಟ ಬೇಡವೇ ಎಂದರೂ ಆಯ್ತು. ಬೆಳಕು ಹರಿಯುವ ಮೊದಲೇ ಎದ್ದು, ದೀಪ ಹಾಕದೆ, ಕುರ್ಚಿಯಲ್ಲಿ ಕೂತಿರುತ್ತಿದ್ದರು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

"ಅಪ್ಪ ಈಗ ಎಷ್ಟು ತಣ್ಣಗಾಗಿದ್ದಾರೆ ನೋಡು" ಎಂದು ಧನರಾಜ್ ಸಂತೋಷಪಟ್ಟ.

"ತಣ್ಣಗಾಗಿರುವುದಲ್ಲ ರೀ. ಆರಿಹೋಗ್ತಾ ಇದ್ದಾರೆ" ಅಂದಳು ವಿನೋದಿನಿ.

ಅವಳು ಒಂದು ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ ಡಾಕ್ಟರ್ ರೂಪಾಲಿಯವರನ್ನು ಕಂಡು ಬಂದಳು. ಅವರು ಬೆಳಗಾವಿ ಕಡೆಯವರು. ಎಲ್ಲ ಕೇಳಿಕೊಂಡು, "ವಯಸ್ಸಾದವರು ಅಳೂದಿಲ್ರಿ. ರುಚಿ ಇಲ್ಲ, ನಿದ್ದಿ ಇಲ್ಲ, ಮೈ ಕೈ ನೋವು ಅಂತಾರ, ಇಲ್ಲಾ ಸುಮ್ಮ ಕೂಡ್ತಾರ. ಮನಿಯವರು ವಯಸ್ಸಾತು ಅಂತ ಬಿಟ್ಟಬಿಡ್ತಾರ. ದುಃಖ ಬ್ಯಾರೆ, ಈ ಜಡ್ಡು ಬ್ಯಾರೆ. ಒಮ್ಮೊಮ್ಮೆ ಒಂದರ ಬೆನ್ನಿಗೆ ಇನ್ನೊಂದು ಬರತದ. ಇದು ವಾಸಿ ಆಗತದ. ಕರಕೊಂಡು ಬರ್ರಿ" ಅಂದರು.

ಮನೋರೋಗ ಎಂಬ ಮಾತು ಕೇಳಿ ಧನರಾಜ್ ಎದ್ದು ಹೋಗಿ ಕಿಟಕಿ ಮುಚ್ಚಿದ. ಅಪ್ಪನನ್ನು ಅಂಥ ಕಡೆ ಕರೆದುಕೊಂಡು ಹೋದರೆ ಜನ ಏನನ್ನುತ್ತಾರೆ? ಯಾರಿಗೂ ಗೊತ್ತಾಗಬಾರದು. ಆದ್ದರಿಂದ ವಿಷಯ ಗುಟ್ಟಾಗಿರಲಿ ಎಂದು ಅವನು ಅದನ್ನು ವಡಾಲ ಕನ್ನಡ ಹಿರಿಯರ ಹಿತಚಿಂತನ ಮಂಡಳಿಯ ಸರ್ವಸದಸ್ಯರ ಸಭೆಯ ಮುಂದೆ ಇಟ್ಟ.

ಮಂಡಳಿಯ ಅಧ್ಯಕ್ಷರು ಸಂಗಪ್ಪನವರು. ವಿಜಯಪುರದವರು, ಸರ್ಕಾರಿ ಕಚೇರಿಯೊಂದರಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ಸಭೆಗೆ ಮುಂಚೆ ಬಿಲ್ಡಿಂಗಿನ ನೋಟಿಸ್ ಬೋರ್ಡಿನಲ್ಲಿ ಹೀಗೊಂದು ಪ್ರಕಟಣೆ ಕಾಣಿಸಿಕೊಂಡಿತು: "ಶ್ರೀ ಚೆನ್ನಯ ಸಾಲ್ಯಾನ್ ಇವರಿಗೆ ಇರುವುದು ಖಿನ್ನತೆಯೋ ವಯಸ್ಸೋ ಎಂಬುದನ್ನು ಭಾನುವಾರ ಬೆಳಿಗ್ಗೆ ನಿರ್ಧರಿಸಲಾಗುವುದು. ವಿಷಯ ಗೋಪ್ಯವಾದ್ದರಿಂದ ಎಲ್ಲರೂ ತಪ್ಪದೆ ಬರತಕ್ಕದ್ದು. ಉಪಾಹಾರದ ವ್ಯವಸ್ಥೆ ಇದೆ."

ಉಪಾಹಾರ ನವಮಂಗಳದಿಂದಲೇ ಬಂದಿತ್ತು. ಎಲ್ಲರೂ ಉಪ್ಪಿಲ್ಲದ ಸಾಂಬಾರಿನಲ್ಲಿ ವಡೆ ಅದ್ದಿ ತಿಂದರು.

"ನೋಡ್ರಿ" ಎಂದು ಸಂಗಪ್ಪನವರು ಶುರು ಮಾಡಿದರು. "ಎಪ್ಪತ್ತೆಂಟಕ್ಕ ಬ್ಯಾಸರ ಬರದ, ಇಪ್ಪತ್ತೆಂಟಕ್ಕ ಬರತೈತೇನ್ರಿ? ನನಗೂ ಬ್ಯಾಸರ ಐತಿ. ಊಟ ಸೇರೂದಿಲ್ಲ. ಒಂದೊಂದ್ ದಿನ ಯಾಕರ ಏಳಬೇಕು ಅನಸ್ತೈತಿ. ನಾ ಏನ್ ದವಾಖಾನಿಗೆ ಹೋಗೀನಿ? ಇದು ವಯಸ್ಸು."

ಸಭೆ ಇದನ್ನು ಚಪ್ಪಾಳೆಯಿಂದ ಸ್ವಾಗತಿಸಿತು. ಅವರ ಹೆಂಡತಿ ಬಸಲಿಂಗವ್ವ ಮಾತ್ರ ಚಪ್ಪಾಳೆ ತಟ್ಟದೆ ಗಂಡನ ಮುಖವನ್ನೇ ನೋಡಿದಳು.

ಕಾಯಿಲೆ ಪಕ್ಷದವರು ಎದ್ದರು. ಈ ಪಕ್ಷದಲ್ಲಿ ವಿನೋದಿನಿ ಮತ್ತು ಮೊಬೈಲಿನಲ್ಲಿ ಆರೋಗ್ಯದ ವಿಡಿಯೊ ನೋಡುವ ಕೆಲವರು ಇದ್ದರು. ಎರಡೂ ಕಡೆಯವರ ಕೂಗು ಜೋರಾಗುತ್ತಿರುವಾಗ ಗುರುಪಾದ ಎಂಬ ಸದಸ್ಯರು ಮೂರನೆಯ ಅಭಿಪ್ರಾಯವನ್ನು ಮಂಡಿಸಿದರು. ಅವರ ಪ್ರಕಾರ ಅದು ಗ್ಯಾಸ್. ತಲೆನೋವು, ಎದೆನೋವು, ನಿದ್ದೆಗೇಡು, ಮೌನ, ಹೆಂಡತಿಯ ನೆನಪು, ಎಲ್ಲವೂ ಹೊಟ್ಟೆಯಿಂದ ಮೇಲಕ್ಕೆ ಏರುವಂಥವು. ಈ ಅಭಿಪ್ರಾಯ ಯಾರ ಮರ್ಯಾದೆಗೂ ಕುಂದು ತರದಂತಿದ್ದುದರಿಂದ ಗ್ಯಾಸ್ ಪಕ್ಷಕ್ಕೆ ಅಲ್ಲೇ ಹಲವರು ಸೇರಿದರು.

ಚೆನ್ನಯರು ಕೊನೆಯ ಸಾಲಿನಲ್ಲಿ ಕೂತಿದ್ದರು. ಅವರನ್ನೇ ಕೇಳಬಹುದಲ್ಲ ಎಂದು ವಿನೋದಿನಿ ಅಂದಳು. ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲದಿದ್ದರೂ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು.

"ಚೆನ್ನಯ ಅವರ, ನಿಮಗ ಇರೂದು ವಯಸ್ಸು. ಹೌದಲ್ಲರಿ?"

"ಆಯ್ತು."

"ಮಾವ, ಡಾಕ್ಟರ ಹತ್ತಿರ ಹೋಗುವಾ?"

"ಆಯ್ತು."

"ಗ್ಯಾಸ್ ಇರಬಹುದಲ್ಲವೇ?"

"ಆಯ್ತು."

ಮೂರೂ ಪಕ್ಷಗಳಿಗೆ ಚೆನ್ನಯರ ಸಂಪೂರ್ಣ ಬೆಂಬಲವಿದೆ ಎಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಹೆಚ್ಚಿನ ಪರಿಶೀಲನೆಗೆ ಒಂದು ಉಪಸಮಿತಿ ಆಯಿತು. ಡಾಕ್ಟರ್ ರೂಪಾಲಿ ವಿನೋದಿನಿಯ ಕೈಯಲ್ಲಿ ಒಂದು ಪ್ರಶ್ನಾವಳಿ ಕೊಟ್ಟಿದ್ದರು. ಹೌದು ಅಥವಾ ಇಲ್ಲ ಎಂದು ಉತ್ತರಿಸುವಂಥ ಸಣ್ಣ ಪ್ರಶ್ನೆಗಳು. ಉಪಸಮಿತಿ ಅವನ್ನು ಮೊದಲು ಮಂಡಳಿಯ ಘನತೆಗೆ ತಕ್ಕ ಕನ್ನಡಕ್ಕೆ ತಂದಿತು. "ಬದುಕು ಖಾಲಿ ಅನ್ನಿಸುತ್ತದೆಯೇ" ಎಂಬುದು "ತಮ್ಮ ಜೀವಿತವು ಶೂನ್ಯಪ್ರಾಯವಾಗಿ ಪರಿಣಮಿಸಿರುವುದಾಗಿ ತಾವು ಅಭಿಪ್ರಾಯಪಡುವಿರೋ" ಎಂದಾಯಿತು. ಬಳಿಕ, ಪ್ರಶ್ನಾವಳಿ ಸರಿಯಿದೆಯೇ ಎಂದು ಪರೀಕ್ಷಿಸಲು ಸದಸ್ಯರು ಅದಕ್ಕೆ ತಾವೇ ಉತ್ತರ ಬರೆದರು.

ಉಪಸಮಿತಿಯ ಎಲ್ಲರಿಗೂ ಖಿನ್ನತೆ ಇದೆ ಎಂದು ಬಂತು. ಅಧ್ಯಕ್ಷರಿಗೆ ಬಂದ ಅಂಕ ಎಲ್ಲರಿಗಿಂತ ಹೆಚ್ಚು.

ಸದಸ್ಯರು ತಮ್ಮ ತಮ್ಮ ಕಾಗದಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಫ್ಯಾನು ತಿರುಗುತ್ತಿತ್ತು. ಆಮೇಲೆ ಸಂಗಪ್ಪನವರು ಗಂಟಲು ಸರಿಮಾಡಿಕೊಂಡು, "ಎಲ್ಲಾರಿಗೂ ಇರೂದು ಜಡ್ಡು ಹ್ಯಾಂಗ್ ಆಗತೈತ್ರಿ? ಎಲ್ಲಾರಿಗೂ ಇದ್ದರ ಅದಕ್ಕ ಆರೋಗ್ಯ ಅಂತಾರ" ಅಂದರು. ಇದು ತರ್ಕಬದ್ಧವೆಂದು ತೋರಿದ್ದರಿಂದ ಪ್ರಶ್ನಾವಳಿಯನ್ನು ದೋಷಪೂರಿತವೆಂದು ಘೋಷಿಸಿ, ಈ ಕೆಳಗಿನ ನಿಯಮಗಳನ್ನು ಅಂಗೀಕರಿಸಲಾಯಿತು: "ಅರವತ್ತು ಮೀರಿದವರ ಬೇಸರವನ್ನು ವಯಸ್ಸು ಎಂದು ಪರಿಗಣಿಸತಕ್ಕದ್ದು. ಅರವತ್ತರೊಳಗಿನವರ ಬೇಸರವನ್ನು ಸೋಮಾರಿತನ ಎಂದು ಪರಿಗಣಿಸತಕ್ಕದ್ದು. ಅದೇ ವರ್ಷ ಅರವತ್ತು ತುಂಬಿದವರು ಅಧ್ಯಕ್ಷರನ್ನು ಖುದ್ದಾಗಿ ಕಾಣತಕ್ಕದ್ದು. ಗ್ಯಾಸಿಗೆ ಚಿಕಿತ್ಸೆ ಪಡೆಯಲು ಯಾರ ಅಡ್ಡಿಯೂ ಇರುವುದಿಲ್ಲ."

ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಬಸಲಿಂಗವ್ವ ವಿನೋದಿನಿಯ ಸೆರಗು ಜಗ್ಗಿದಳು.

"ತಂಗಿ, ಆ ಡಾಕ್ಟರ್ ಬಾಯಿ ಯಾವ ವಾರ ಇರತಾಳ?"

"ಬುಧವಾರ. ಯಾಕೆ ಅಮ್ಮ?"

"ಸುಮ್ಮ ಕೇಳಿದೆ. ಇವರಿಗೆ ಹೇಳಬ್ಯಾಡ."

ನಿಯಮಾವಳಿಯ ಕೊನೆಯ ಸಾಲನ್ನು ವಿನೋದಿನಿ ಎರಡು ಸಲ ಓದಿದಳು. ಮನೆಗೆ ಬಂದು ಗಂಡನಿಗೆ, "ಗ್ಯಾಸಿಗೆ ಒಬ್ಬರು ಒಳ್ಳೆಯ ಡಾಕ್ಟರು ಇದ್ದಾರಂತೆ. ಮಾವನನ್ನು ತೋರಿಸ್ತೇನೆ" ಅಂದಳು. ಗ್ಯಾಸಾದರೆ ಅಡ್ಡಿಯಿಲ್ಲ ಎಂದು ಧನರಾಜ್ ಕಾರು ಕೊಟ್ಟ.

ದಾರಿಯಲ್ಲಿ ಅವಳು ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. "ಮಾವ, ಇದು ಗ್ಯಾಸಿನ ಡಾಕ್ಟರಲ್ಲ. ಮನಸ್ಸಿನ ಡಾಕ್ಟರು. ಅತ್ತೆ ಹೋದ ಮೇಲೆ ನೀವು ನಮ್ಮ ಜೊತೆ ಇಲ್ಲ. ನನಗೆ ಹೆದರಿಕೆ ಆಗ್ತದೆ."

ಚೆನ್ನಯರು ಕಿಟಕಿಯ ಹೊರಗೆ ನೋಡಿದರು. "ಆಯ್ತು" ಅಂದರು.

ಡಾಕ್ಟರ್ ರೂಪಾಲಿ ರಕ್ತ ಪರೀಕ್ಷೆ ಮಾಡಿಸಿದರು, ಬಿಪಿಗೆ ನುಂಗುವ ಮಾತ್ರೆ ಯಾವುದೆಂದು ಕೇಳಿದರು, ಆಮೇಲೆ ಒಂದು ಸಣ್ಣ ಮಾತ್ರೆ ಬರೆದರು. "ಇದು ಕೆಲಸಾ ಮಾಡೂದಕ್ಕ ಕೆಲವು ವಾರ ಹಿಡೀತದ. ನಡುವ ಬಿಡಬ್ಯಾಡ್ರಿ. ಮತ್ತ, ಕಾಕಾ, ಪ್ರತಿ ಸಲ ಬಂದಾಗ ನನ್ನ ಕೂಡ ಒಂದಿಷ್ಟು ಮಾತಾಡಬೇಕು. ಮಾತ್ರಿ ಅರ್ಧ, ಮಾತು ಅರ್ಧ." ಮಾವ ಮಾತಾಡಲಿಲ್ಲ. ಎರಡನೆಯ ಸಲವೂ ಮಾತಾಡಲಿಲ್ಲ. ಧನರಾಜ್ ಮಾತ್ರ ದಿನಾ ಬೆಳಿಗ್ಗೆ ಶ್ರದ್ಧೆಯಿಂದ, "ಅಪ್ಪ, ಗ್ಯಾಸಿನ ಮಾತ್ರೆ ತೆಗೊಂಡ್ರಾ?" ಎಂದು ನೆನಪಿಸುತ್ತಿದ್ದ.

ಇತ್ತ ನವಮಂಗಳದಲ್ಲಿ ಪ್ರಗತಿ ನಡೆದಿತ್ತು. ಬಿಪಿ ಇದ್ದ ಬಟ್ಟೆ ವ್ಯಾಪಾರಿಯೊಬ್ಬ ಉಪ್ಪಿಲ್ಲದ ಸಾಂಬಾರನ್ನು ಮೆಚ್ಚಿ, ತನ್ನಂಥ ಬಿಪಿಯವರನ್ನು ಕರೆತಂದಿದ್ದ. ಅವರು ಸಕ್ಕರೆ ಕಾಯಿಲೆಯವರನ್ನು ಕರೆತಂದರು. ಏನೂ ಕಾಯಿಲೆ ಇಲ್ಲದವರು ಇಷ್ಟು ಜನ ಯಾಕೆ ನಿಂತಿದ್ದಾರೆ ಎಂದು ನೋಡಲು ಬಂದು ಸರತಿಯಲ್ಲಿ ನಿಂತರು. ಯಾರೋ ವಿಡಿಯೊ ಹಾಕಿದರು. ಧನರಾಜ್ ಬಾಗಿಲಲ್ಲಿ ಫಲಕ ಬರೆಸಿದ: "ಹಿರಿಯರು ಸ್ವತಃ ರುಚಿ ನೋಡಿ ಒಪ್ಪಿದ ಆರೋಗ್ಯ ಸಾಂಬಾರ್. ಮೇಜುಗಳ ಮೇಲಿನ ಉಪ್ಪಿನ ಡಬ್ಬಿಗಳನ್ನು ಗಿರಾಕಿಗಳ ಹಿತದೃಷ್ಟಿಯಿಂದ ಹಿಂಪಡೆಯಲಾಗಿದೆ. ಉಪ್ಪು ಕೇಳಿ ನಮ್ಮ ಸಿಬ್ಬಂದಿಯನ್ನು ಮುಜುಗರಕ್ಕೆ ಒಳಪಡಿಸಬಾರದಾಗಿ ವಿನಂತಿ." ಅದರ ಮೇಲೆ ಅಂಗೈ ನೆಕ್ಕುತ್ತಿರುವ ಚೆನ್ನಯರ ಫೋಟೊ ಇತ್ತು. ಕುರ್ಲಾದಲ್ಲಿ ಎರಡನೆಯ ಶಾಖೆಗೆ ಜಾಗ ನೋಡಿ ಆಯಿತು.

ಮೂರನೆಯ ಭೇಟಿಯ ದಿನ ಆಸ್ಪತ್ರೆಯ ಬೆಂಚಿನಲ್ಲಿ ಬಸಲಿಂಗವ್ವ ಕೂತಿದ್ದಳು. ವಿನೋದಿನಿಯನ್ನು ಕಂಡು ಬಾಯ ಮೇಲೆ ಬೆರಳಿಟ್ಟು ನಕ್ಕಳು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ಪತ್ರಿಕೆಯನ್ನು ಮುಖಕ್ಕೆ ಹಿಡಿದು ಓದುತ್ತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು. ಸಿಸ್ಟರು, "ಸಂಗಪ್ಪ ಕೌನ್ ಹೈ?" ಎಂದು ಕೂಗಿದಾಗ ಪತ್ರಿಕೆ ಕೆಳಗಿಳಿಯಿತು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು.

"ಗ್ಯಾಸಿಗೆ ಬಂದೆ" ಅಂದರು ಸಂಗಪ್ಪನವರು.

"ನಾನೂ ಅದಕ್ಕ ಬಂದೇನ್ರಿ" ಅಂದಳು ಬಸಲಿಂಗವ್ವ. ನಡುವೆ ಕೂತಿದ್ದವರನ್ನು ಸರಿಸಿ ಗಂಡನ ಪಕ್ಕಕ್ಕೆ ಬಂದು ಕೂತಳು.

ಒಳಗೆ ಡಾಕ್ಟರು ಚೆನ್ನಯರನ್ನು, "ಕಾಕಾ, ನಿಮ್ಮ ಮನಿಯವರು, ಕಾಕು, ಹ್ಯಾಂಗ ಇದ್ದರು?" ಎಂದು ಕೇಳಿದರು. ವಿನೋದಿನಿ "ಆಯ್ತು" ಎಂಬ ಮಾತಿಗೆ ಕಾದಳು. ಅದು ಬರಲಿಲ್ಲ.

"ವಡಾಲ ಸ್ಟೇಷನ್ನಿನ ಹೊರಗೆ ಪೇರಳೆ ಹಣ್ಣು ಮಾರ್ತಾರಲ್ಲ ಡಾಕ್ಟ್ರೆ" ಅಂದರು ಚೆನ್ನಯರು. ಬಹಳ ದಿನ ಬಳಸದ ಬಾಗಿಲಿನ ಹಾಗೆ ಅವರ ದನಿ ಕಿರುಗುಟ್ಟುತ್ತಿತ್ತು. "ಅವರು ಹಾಕುವ ಉಪ್ಪು ಗುಲಾಬಿಗೆ ಆಗ್ತಿರಲಿಲ್ಲ. ಅದರಲ್ಲಿ ಮೆಣಸಿನ ಹುಡಿ ಜಾಸ್ತಿ. ಅವಳು ಮನೆಯಿಂದಲೇ ಪೇಪರಿನ ತುಂಡಿನಲ್ಲಿ ಉಪ್ಪು ಕಟ್ಟಿಕೊಂಡು ಬರ್ತಿದ್ದಳು. ಮೂಲೆ ಹೀಗೆ ಒಳಗೆ ಮಡಚಿ. ಒಂದು ಕಾಳು ಚೆಲ್ಲುವುದಿಲ್ಲ. ನಾನು ನಗಾಡ್ತಿದ್ದೆ. ಹೋಟೆಲಿನವನ ಹೆಂಡತಿ ಉಪ್ಪು ಕಟ್ಟಿಕೊಂಡು ತಿರುಗುವುದು ನೋಡಿ ಅಂತ."

ಮಡಚುವುದನ್ನು ತೋರಿಸಿದ ಬೆರಳುಗಳು ಹಾಗೇ ನಿಂತವು. ಆಮೇಲೆ ಅವರು ಅತ್ತರು. ಹೆಂಡತಿಯ ಸಾವಿನ ದಿನ ಅಳದವರು, ಬೊಜ್ಜದ ದಿನ ಅಳದವರು, ಡಾಕ್ಟರ ಮೇಜಿನ ಮುಂದೆ ಕೂತು ಅತ್ತರು. ವಿನೋದಿನಿ ನೀರು ಕೊಡಲು ಎದ್ದಾಗ ಡಾಕ್ಟರು ಬೇಡ ಎಂದು ಕೈ ಮಾಡಿದರು.

ಕೆಲವು ದಿನಗಳ ಮೇಲೆ, ಊಟಕ್ಕೆ ಕೂತ ಮಾವ ತಟ್ಟೆಯನ್ನು ಸ್ವಲ್ಪ ದೂರ ತಳ್ಳಿ, "ಬಂಗುಡೆ ಹಳತು" ಅಂದರು. ವಿನೋದಿನಿ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತಳು. ಬಂಗುಡೆ ತಾಜಾ ಇತ್ತು.

ಅದರ ಮುಂದಿನ ವಾರ ಚೆನ್ನಯರು ಎಂದಿನಂತೆ ನವಮಂಗಳದ ಅಡುಗೆಮನೆಯಲ್ಲಿ ಅಂಗೈ ಚಾಚಿದರು. ನೆಕ್ಕಿದರು. ಮುಖ ಕಿವುಚಿತು.

"ಎಂತ ಮಾರಾಯ ಇದು? ಮೋರಿ ನೀರಾ? ಉಪ್ಪು!"

ಈಶ್ವರನ ಕಣ್ಣಲ್ಲಿ ನೀರು ಬಂತು. "ತರ್ತೇನೆ ದಣಿ, ತರ್ತೇನೆ" ಎಂದು ಅವನು ಡಬ್ಬಿಗೆ ಓಡಿದ. ಆದರೆ ಡಬ್ಬಿಗೆ ಬೀಗ ಬಿದ್ದಿತ್ತು. ಬೀಗದ ಕೈ ಧನರಾಜನ ಹತ್ತಿರ ಇತ್ತು.

"ಅಪ್ಪ, ಇದು ಆರೋಗ್ಯ ಸಾಂಬಾರ್. ಉಪ್ಪು ಇರುವುದಿಲ್ಲ. ನೀವೇ ಒಪ್ಪಿದ್ದು."

"ನಾನು? ಯಾವಾಗ?"

"ಹೊರಗೆ ಬೋರ್ಡ್ ಉಂಟಲ್ಲ."

ಚೆನ್ನಯರು ಹೊರಗೆ ಹೋಗಿ ಫಲಕವನ್ನು ಓದಿದರು. ಫೋಟೊ ನೋಡಿದರು. "ಈ ಮನುಷ್ಯನಿಗೆ ಹುಷಾರಿಲ್ಲ" ಅಂದರು.

ಆ ಭಾನುವಾರ ಮಂಡಳಿಯ ತುರ್ತು ಸಭೆ ಸೇರಿತು. ಧನರಾಜ್ ಗಾಬರಿಯಾಗಿದ್ದ. ಅಪ್ಪನ ಲಕ್ಷಣಗಳನ್ನು ಅವನು ಒಂದೊಂದಾಗಿ ಹೇಳಿದ: ಕೂಗಾಡುತ್ತಾರೆ. ಟಿವಿಯವಳ ಜೊತೆ ಜಗಳ. ಮೂರನೇ ಮಹಡಿಯವರಿಗೆ ಬೈದಿದ್ದಾರೆ. ಮೀನು ಹಳತು ಅನ್ನುತ್ತಾರೆ. ರಸ್ತೆಯಲ್ಲಿ ನಿಂತು ಪೇರಳೆ ತಿಂದದ್ದನ್ನು ನೋಡಿದವರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ಗ್ರಾಂಟ್ ರೋಡ್ ಮೆಚ್ಚಿದ ಸಾಂಬಾರಿನಲ್ಲಿ ಉಪ್ಪಿಲ್ಲ ಅನ್ನುತ್ತಾರೆ.

"ಮೊದಲು ಎಷ್ಟು ಶಾಂತ ಇದ್ದರು!" ಎಂದು ಗುರುಪಾದರು ಮರುಗಿದರು.

ಇಷ್ಟು ಸ್ಪಷ್ಟ ಪುರಾವೆ ಇರುವಾಗ ಚರ್ಚೆ ಬೇಕಾಗಲಿಲ್ಲ. ಚೆನ್ನಯರಿಗೆ ಈಗ ಖಿನ್ನತೆ ಬಂದಿದೆ ಎಂದು ವಯಸ್ಸು ಪಕ್ಷವೂ ಕಾಯಿಲೆ ಪಕ್ಷದಲ್ಲಿ ಉಳಿದವರೂ ಒಪ್ಪಿದರು.

ವಿನೋದಿನಿ ಎದ್ದು ನಿಂತಳು. "ಅವರಿಗೆ ಕಾಯಿಲೆ ಇದ್ದದ್ದು ಆಗ. ಈಗ ಗುಣ ಆಗ್ತಾ ಉಂಟು. ಅವರು ತೆಗೆದುಕೊಳ್ಳುವುದು ಗ್ಯಾಸಿನ ಮಾತ್ರೆ ಅಲ್ಲ. ನಾನು ಸುಳ್ಳು ಹೇಳಿದ್ದೆ. ಅದು ಖಿನ್ನತೆಯದ್ದು."

ಸಭೆ ಅವಳ ಕಡೆ ತಿರುಗಿತು. ಆಮೇಲೆ ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಉಪ್ಪು ಬೇಕು ಅನ್ನಿಸುವುದು ಆ ಮಾತ್ರೆಯ ದುಷ್ಪರಿಣಾಮ. ಮಾತ್ರೆ ನಿಲ್ಲಿಸಿದರೆ ಚೆನ್ನಯರು ಮೊದಲಿನ ಹಾಗೆ ಆಗುತ್ತಾರೆ.

"ಮೊದಲಿನ ಹಾಗೆ ಬೇಡ!" ಅಂದಳು ವಿನೋದಿನಿ. "ಕತ್ತಲೆಯಲ್ಲಿ ಕುರ್ಚಿಯ ಮೇಲೆ ಕೂತಿರ್ತಿದ್ದರು. ನೀವು ಯಾರೂ ನೋಡಲಿಲ್ಲ. ನಾನು ನೋಡಿದ್ದೇನೆ."

ಧನರಾಜ್ ತಲೆ ತಗ್ಗಿಸಿದ. ಕುರ್ಲಾ ಶಾಖೆಯ ಉದ್ಘಾಟನೆ ಹತ್ತಿರ ಬಂದಿತ್ತು.

ಅಧ್ಯಕ್ಷರು ಮಾತಾಡಬೇಕಿತ್ತು. ಸಂಗಪ್ಪನವರು ಹೆಂಡತಿಯ ಕಡೆ ನೋಡಿದರು. ಬಸಲಿಂಗವ್ವ ತನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದಳು. ಚೀಲದಲ್ಲಿ ಇಬ್ಬರ ಮಾತ್ರೆಗಳೂ ಇದ್ದವು.

"ನೋಡ್ರಿ" ಅಂದರು ಸಂಗಪ್ಪನವರು. "ಖಿನ್ನತೆಯ ಮಾತ್ರಿ ಇವತ್ತಿಂದ ಬಂದ್. ಆದರ ಗ್ಯಾಸಿನ ಮಾತ್ರಿಗೆ ನಮ್ಮ ನಿಯಮದಾಗ ಅಡ್ಡಿ ಇಲ್ಲ. ಧನರಾಜ ಅವರ, ನಿಮ್ಮ ತಂದಿಯವರು ದಿನಾ ಮುಂಜಾನೆ ತಗೊಳ್ಳೂದು ಯಾವ ಮಾತ್ರಿ?"

"ಗ್ಯಾಸಿನದ್ದು" ಅಂದ ಧನರಾಜ್, ಅಭ್ಯಾಸದಿಂದ.

"ಅದನ್ನ ಮುಂದುವರಸ್ರಿ. ಡಾಕ್ಟರ್ ಬಾಯಿ ಸಾಕು ಅನ್ನೂತನಕ."

ಯಾರ ಮರ್ಯಾದೆಗೂ ಕುಂದಿಲ್ಲದ ಈ ತೀರ್ಮಾನ ಸರ್ವಾನುಮತದಿಂದ ಅಂಗೀಕಾರವಾಯಿತು. ಗ್ಯಾಸ್ ಪಕ್ಷದವರು ಇದನ್ನು ತಮ್ಮ ಗೆಲುವೆಂದು ಪರಿಗಣಿಸಿ ಗುರುಪಾದರಿಗೆ ಶಾಲು ಹೊದಿಸಿದರು. ಮುಂದುವರಿದು, ಚೆನ್ನಯರ ಆರೋಗ್ಯದ ದೃಷ್ಟಿಯಿಂದ ಅವರನ್ನು ರುಚಿ ನೋಡುವ ಶ್ರಮದಿಂದ ಮುಕ್ತಗೊಳಿಸಿ, ಅವರ ಫೋಟೊವನ್ನು ಸಾಂಬಾರಿನ ಪಾತ್ರೆಯ ಎದುರಿಗೆ ತೂಗುಹಾಕುವುದೆಂದೂ, ಫೋಟೊ ಏನೂ ಹೇಳದಿದ್ದಲ್ಲಿ ಒಪ್ಪಿದೆ ಎಂದು ತಿಳಿಯತಕ್ಕದ್ದೆಂದೂ ನಿರ್ಧರಿಸಲಾಯಿತು.

ಎಲ್ಲರೂ ಕೊನೆಯ ಸಾಲಿನ ಕಡೆ ತಿರುಗಿದರು. ಚೆನ್ನಯರು ಎದ್ದು ನಿಂತು ಸೊಸೆಯ ಕಡೆ ನೋಡಿದರು. ಅವರ ಮೀಸೆಯ ಒಂದು ತುದಿ ಅಲುಗಿತು.

"ಆಯ್ತು" ಅಂದರು.

ಈಗ ದಿನಾ ಬೆಳಿಗ್ಗೆ ಈಶ್ವರ ಫೋಟೊದ ಮುಂದೆ ಸೌಟು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಫೋಟೊ ಇದುವರೆಗೆ ಯಾವ ಆಕ್ಷೇಪಣೆಯನ್ನೂ ಎತ್ತಿಲ್ಲ. ಕುರ್ಲಾ ಶಾಖೆಗೂ ಅದರ ಒಂದು ಪ್ರತಿ ಹೋಗಿದೆ.

ಚೆನ್ನಯರು ಗಿರಾಕಿಯಾಗಿ ಬಂದು ಫ್ಯಾನಿನ ಕೆಳಗಿನ ಮೂಲೆಯ ಮೇಜಿನಲ್ಲಿ ಕೂರುತ್ತಾರೆ. ಸಂಗಪ್ಪನವರೂ ಬಸಲಿಂಗವ್ವನೂ ವಡಾಲದಿಂದ ಅಷ್ಟು ದೂರ ಬಂದು ಅದೇ ಮೇಜಿಗೆ ಸೇರುತ್ತಾರೆ. ಇಡ್ಲಿಯ ಮೆದುತನದ ಬಗ್ಗೆ, ಬಂಗುಡೆಯ ಬಗ್ಗೆ, ತೀರಿಹೋದವರ ಬಗ್ಗೆ ಮಾತಾಡುತ್ತಾರೆ. ಬಸಲಿಂಗವ್ವ ನಗುವುದು ಗಲ್ಲೆಯವರೆಗೂ ಕೇಳುತ್ತದೆ. ಆ ಮೇಜಿನ ಸಾಂಬಾರಿಗೆ ಬೇರೆಯೇ ರುಚಿ ಎಂದು ಹಳೆಯ ಗಿರಾಕಿಗಳು ಹೇಳತೊಡಗಿದ್ದಾರೆ. ಅಲ್ಲಿ ಜಾಗ ಸಿಗಲು ಸರತಿ ಇರುತ್ತದೆ. ಫ್ಯಾನಿನ ಗಾಳಿ ಕಾರಣವಿರಬೇಕೆಂದು ಧನರಾಜ್ ಎರಡೂ ಶಾಖೆಗಳಿಗೆ ಅದೇ ಕಂಪನಿಯ ಫ್ಯಾನುಗಳನ್ನು ತರಿಸಿದ್ದಾನೆ.

ಶನಿವಾರ ಸಂಜೆ ವಿನೋದಿನಿ ಬಟ್ಟೆಗಳನ್ನು ಮಷೀನಿಗೆ ಹಾಕುವ ಮೊದಲು ಮಾವನ ಅಂಗಿಯ ಜೇಬಿಗೆ ಕೈ ಹಾಕಿದಳು. ಒಳಗೆ, ಮೂಲೆ ಒಳಕ್ಕೆ ಮಡಚಿದ ಪೇಪರಿನ ತುಂಡಿನಲ್ಲಿ, ಉಪ್ಪು ಇತ್ತು.